ಎಷ್ಟು ಸಲ ಆಯ್ತಮ್ಮ?

ಅಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಯಿತು, ಗಾಯ ಒಣಗಿತು, ಆಮೇಲೆ ಕೀಮೋ. ಮೂರು ವಾರಕ್ಕೊಂದು ಸಲ ಆಸ್ಪತ್ರೆಯಲ್ಲಿ ಆಕ್ಸಾಲಿಪ್ಲಾಟಿನ್ ಡ್ರಿಪ್, ಮನೆಯಲ್ಲಿ 14 ದಿನ ಬೆಳಿಗ್ಗೆ ರಾತ್ರಿ ಕೆಪೆಸಿಟಾಬಿನ್ ಮಾತ್ರೆ, ಆಮೇಲೆ 7 ದಿನ ರಜ. ಕೂದಲು ಉದುರುತ್ತೆ, ವಾಂತಿ ಆಗುತ್ತೆ ಅಂತ ನಾವೆಲ್ಲ ಹೆದರಿಕೊಂಡು ಕೂತಿದ್ದೆವು. ಅವೆರಡೂ ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಭೇದಿ.

ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ಅಲ್ವಾ? ನೋಡೋಕೆ ಬಂದ ನೆಂಟರೆಲ್ಲ ಕೂದಲು ನೋಡಿ ಸಮಾಧಾನ ಪಟ್ಟುಕೊಂಡು ಹೋದರು. ಅಮ್ಮ ಕೂಡ ಡಾಕ್ಟರ್ ಮುಂದೆ ಕೂತು "ಹೊಟ್ಟೆ ಸ್ವಲ್ಪ ಸರಿ ಇಲ್ಲ" ಅಂದಳು, ಅಷ್ಟೇ. ದಿನಕ್ಕೆ ಎಷ್ಟು ಸಲ ಅಂತ ಕೇಳಿದರೆ "ಏನೋ, ಒಂದೆರಡು ಸಲ". ನಾನು ಪಕ್ಕದಲ್ಲೇ ಇದ್ದೆ. ನಂಬಿಬಿಟ್ಟೆ.

ಎರಡನೇ ಸುತ್ತಿನ ಮಾತ್ರೆ ಶುರುವಾಗಿ ಹತ್ತನೇ ದಿನವೋ ಹನ್ನೊಂದನೇ ದಿನವೋ, ಬೆಳಿಗ್ಗೆ ನನ್ನ ಹೆಂಡತಿ ಟೆರೇಸಿಗೆ ಬಟ್ಟೆ ಹಾಕೋಕೆ ಹೋದವಳು ಹಾಗೇ ವಾಪಸ್ ಬಂದಳು. ತಂತಿ ಮೇಲೆ ಆಗಲೇ ಮೂರು ಲಂಗ, ಒಂದು ಸೀರೆ, ಒಂದು ಬೆಡ್‌ಶೀಟ್ ಒಣಗುತ್ತಿವೆ. ಆರೂವರೆ ಗಂಟೆಗೆ! ಅಮ್ಮ ರಾತ್ರಿಯೆಲ್ಲ ಲೈಟ್ ಹಾಕದೆ ಗೋಡೆ ಹಿಡಿದುಕೊಂಡು ಓಡಾಡಿದ್ದಾಳೆ, ನಾವು ಏಳಬಾರದು ಅಂತ ನಲ್ಲಿ ಸಣ್ಣಗೆ ಬಿಟ್ಟುಕೊಂಡು ಬಟ್ಟೆ ಒಗೆದಿದ್ದಾಳೆ, ನಾಲ್ಕು ಗಂಟೆಗೆ ಮೆಟ್ಟಿಲು ಹತ್ತಿ ಒಣಗಿಸಿಯೂ ಬಂದಿದ್ದಾಳೆ. ಕೀಮೋ ನಡೀತಿರೋ 66 ವರ್ಷದ ಹೆಂಗಸು. ಕೇಳಿದರೆ, "ಮಗನ ಹತ್ರ ಇದನ್ನೆಲ್ಲ ಹೇಳೋಕಾಗುತ್ತೇನೋ?" ಅಂದಳು.

ಅವತ್ತು ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತಿ ಅಡುಗೆಮನೆ ಬಾಗಿಲಲ್ಲೇ ಕೂತುಬಿಟ್ಟಳು. ನಾಲಿಗೆ ಒಣಗಿ ಮಾತು ಅಂಟಿಕೊಳ್ಳುತ್ತಿತ್ತು. ಆಸ್ಪತ್ರೆಗೆ ಸೇರಿಸಿದಾಗ ರಕ್ತದಲ್ಲಿ ಪೊಟ್ಯಾಸಿಯಂ ತುಂಬಾ ಇಳಿದಿತ್ತು. ಮೂರು ದಿನ ಸಲೈನ್.

ಆಗ ಸತ್ಯ ಹೊರಗೆ ಬಂತು. ಹಗಲು ಆರು ಏಳು ಸಲ, ರಾತ್ರಿ ಮೂರು ಸಲ. ಐದು ದಿನದಿಂದ. ಮೊದಲ ದಿನ ಮಾತ್ರೆ ಕೊಡುವಾಗಲೇ ನರ್ಸ್ ಹೇಳಿದ್ದರು, ಮಾಮೂಲಿಗಿಂತ ನಾಲ್ಕು ಸಲ ಜಾಸ್ತಿ ಆದರೆ, ಇಲ್ಲಾ ರಾತ್ರಿ ನಿದ್ದೆಯಿಂದ ಎದ್ದು ಹೋಗೋ ಹಾಗಾದರೆ, ಮಾತ್ರೆ ನಿಲ್ಲಿಸಿ ತಕ್ಷಣ ಫೋನ್ ಮಾಡಿ ಅಂತ. ಅಮ್ಮನಿಗೆ ಅದು ಚೆನ್ನಾಗಿ ನೆನಪಿತ್ತು. ನೆನಪಿದ್ದಿದ್ದಕ್ಕೇ ಮುಚ್ಚಿಟ್ಟಿದ್ದು. "ಮಾತ್ರೆ ನಿಲ್ಲಿಸಿಬಿಟ್ರೆ ಕಾಯಿಲೆ ವಾಪಸ್ ಬರಲ್ವಾ?" ಡಾಕ್ಟರ್ ಅವಳ ಮಂಚದ ತುದಿಯಲ್ಲೇ ಕೂತು ಹೇಳಿದರು: ನಡುವೆ ನಿಲ್ಲಿಸೋದು, ಡೋಸ್ ಇಳಿಸೋದು ಎಲ್ಲ ಮಾಮೂಲಿ. ಬಿಟ್ಟು ಹೋದ ಮಾತ್ರೆಗಳನ್ನ ಆಮೇಲೆ ಸೇರಿಸಿ ನುಂಗೋದೂ ಬೇಡ. ಆದರೆ ಭೇದಿ ಆಗ್ತಿರುವಾಗ ಮಾತ್ರೆ ಮುಂದುವರಿಸಿದರೆ ಪ್ರಾಣಕ್ಕೇ ತೊಂದರೆ.

ಅಮ್ಮನಿಗೆ ಇನ್ನೊಂದು ಅನುಮಾನವೂ ಇತ್ತು. ಪಕ್ಕದ ಮನೆಯವರು ಕೊಟ್ಟ ಚಿತ್ರಾನ್ನ ತಿಂದಿದ್ದಕ್ಕೇ ಹೀಗಾಯ್ತು ಅಂತ. ಚಿತ್ರಾನ್ನದ್ದೇನೂ ತಪ್ಪಿರಲಿಲ್ಲ. ನಮ್ಮ ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತಲೇ ಇರುತ್ತಂತೆ. ಬೇಗ ಬೇಗ ಬೆಳೆಯೋ ಜೀವಕೋಶ ಕಂಡರೆ ಹೊಡಿ ಅನ್ನೋದು ಈ ಔಷಧಿಯ ಕೆಲಸ, ಅದಕ್ಕೆ ಕ್ಯಾನ್ಸರ್ ಯಾವುದು ಕರುಳು ಯಾವುದು ಅಂತ ಗೊತ್ತಾಗಲ್ಲ. ಒಳಪದರ ಸವೆದರೆ ನೀರು ಹೀರಿಕೊಳ್ಳೋರು ಯಾರು?

ಮನೆಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ, ಕ್ಯಾಲೆಂಡರ್. ಅಮ್ಮ ನಲವತ್ತು ವರ್ಷದಿಂದ ಹಾಲಿನ ಲೆಕ್ಕವನ್ನ ಕ್ಯಾಲೆಂಡರ್ ಮೇಲೆ ಗೀಟು ಎಳೆದೇ ಇಟ್ಟವಳು, ಒಂದು ಪ್ಯಾಕೆಟ್‌ಗೆ ಒಂದು ಗೀಟು. ಬಾಯಲ್ಲಿ ಹೇಳೋಕೆ ನಾಚಿಕೆ ಅಂದ್ರೆ ಬೇಡ, ಅದೇ ತಾರೀಖಿನ ಚೌಕದಲ್ಲಿ ಹಾಲಿನ ಗೀಟಿನ ಕೆಳಗೆ ಇದರ ಗೀಟನ್ನೂ ಹಾಕು ಅಂದೆ. ಬಾತ್‌ರೂಮ್ ಬಾಗಿಲ ಪಕ್ಕ ನೇತುಹಾಕಿ ದಾರ ಕಟ್ಟಿ ಪೆನ್ಸಿಲ್ ಇಟ್ಟೆವು. ಹಾಗೆ ಶುರುವಾದ ಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ರಾತ್ರಿ ಹೋಗಿದ್ದಕ್ಕೆ ಗೀಟಿನ ತಲೆ ಮೇಲೆ ಚುಕ್ಕೆ, ಇದು ಅವಳೇ ಮಾಡಿಕೊಂಡ ಏರ್ಪಾಡು. ಮುಂದಿನ ಸಲ ಡಾಕ್ಟರಿಗೆ ಅದರ ಫೋಟೋನೇ ತೋರಿಸಿದೆ. ಡೋಸ್ ಇಳಿಸೋಕೆ ಅವರಿಗೆ ಎರಡು ನಿಮಿಷ ಸಾಕಾಯ್ತು.

ಭೇದಿ ನಿಲ್ಲೋಕೆ ಲೊಪೆರಮೈಡ್ ಮಾತ್ರೆ ಬರೆದುಕೊಟ್ಟರು. ಮೊದಲು ಎರಡು, ಆಮೇಲೆ ಪ್ರತಿ ಸಲ ನೀರಾಗಿ ಹೋದ ಮೇಲೆ ಒಂದು, ದಿನಕ್ಕೆ 8 ಮೀರಬಾರದು. ಇದು ಅಮ್ಮನಿಗೆ ಬರೆದದ್ದು, ನೀವು ನಿಮ್ಮವರನ್ನ ಕೇಳಿಯೇ ತಗೊಳ್ಳಿ. ಜ್ವರ ಇದ್ದರೆ, ರಕ್ತ ಕಂಡರೆ ಇದನ್ನ ಮುಟ್ಟಲೇಬಾರದು, ಅದು ಇನ್‌ಫೆಕ್ಷನ್ ಇರಬಹುದು. ಕೀಮೋ ನಡೀತಿರುವಾಗ ಥರ್ಮಾಮೀಟರ್ 100.4 ತೋರಿಸಿದರೆ ಬೆಳಗಾಗಲಿ ಅಂತ ಕಾಯೋ ಹಾಗೇ ಇಲ್ಲ.

ಓಆರ್‌ಎಸ್ ವಿಷಯದಲ್ಲಿ ನಾನು ಮಾಡಿದ ದಡ್ಡತನ ಹೇಳಿಬಿಡ್ತೀನಿ. ದೊಡ್ಡ ಪ್ಯಾಕೆಟ್ ಇರೋದು ಪೂರ್ತಿ ಒಂದು ಲೀಟರ್ ನೀರಿಗೆ. ನಾನು ಅಂದಾಜಿನ ಮೇಲೆ ಲೋಟಕ್ಕೆ ಎರಡು ಚಮಚ ಹಾಕಿ ಕೊಡ್ತಿದ್ದೆ. ಗಟ್ಟಿಯಾದರೆ ಭೇದಿ ಇನ್ನೂ ಜಾಸ್ತಿಯಾಗುತ್ತೆ ಅಂತ ಆಮೇಲೆ ಗೊತ್ತಾಯ್ತು. ಅದಕ್ಕೂ ಮುಂಚೆ ಓಆರ್‌ಎಸ್ ಅಂತ ಬರೆದಿದ್ದ ಸಿಹಿ ಸಿಹಿಯಾದ ಪಾನೀಯದ ಡಬ್ಬಿಗಳನ್ನೂ ತಂದು ಕುಡಿಸಿದ್ದೆ. ಸರಿಯಾದ ಅಳತೆ ಇಲ್ಲದ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಬರೆಯೋ ಹಾಗಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದ್ದೇ 2025ರ ಅಕ್ಟೋಬರಿನಲ್ಲಿ. ಪ್ಯಾಕೆಟ್ ಸಿಗದ ಹೊತ್ತಲ್ಲಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ತಲೆ ಸವರಿ ಅಳೆಯಬೇಕು. ಗಟಗಟ ಕುಡಿಸಬೇಡಿ, ಗುಟುಕು ಗುಟುಕು.

ಊಟದ ಜಗಳ ಕೇಳಬೇಡಿ. ನಾವು ತಿಪಟೂರು ಕಡೆಯವರು, ಶಕ್ತಿ ಬರಬೇಕು ಅಂದ್ರೆ ಮುದ್ದೆ, ಸೊಪ್ಪಿನ ಸಾರು. ಎರಡರಲ್ಲೂ ನಾರು ಜಾಸ್ತಿ, ಸದ್ಯಕ್ಕೆ ಬೇಡ ಅಂದರು. ಬೆಳ್ಳಕ್ಕಿ ಗಂಜಿ, ತಿಳಿ ಸಾರು ಅನ್ನ, ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಉಪ್ಪು ಹಾಕಿದ ನೀರು ಮಜ್ಜಿಗೆ, ಇವು ಹಿಡಿಸಿದವು. ಹಾಲು ಕೆಲವು ದಿನ ಅರಗಲ್ಲವಂತೆ, ಕಾಫಿ ಕರುಳನ್ನ ಓಡಿಸುತ್ತಂತೆ. ಕ್ಯಾನ್ಸರ್ ಅಂತ ತಿಳಿದಾಗ ಅಳದವಳು ಕಾಫಿ ಬೇಡ ಅಂದಾಗ ಗೋಡೆ ಕಡೆ ತಿರುಗಿ ಮಲಗಿದಳು. ದಾಳಿಂಬೆ ಸಿಪ್ಪೆ ಕಷಾಯ ಕುಡಿಸಿ ಅಂತ ಮೂರು ಮನೆಯಿಂದ ಫೋನ್ ಬಂತು. ಹೂಂ ಹೂಂ ಅಂದು ಇಟ್ಟೆ. ಕೀಮೋ ಮಾತ್ರೆ ಜೊತೆ ಯಾವುದು ಏನು ಮಾಡುತ್ತೋ.

ಇನ್ನೊಂದು ಉರಿ. ಅಷ್ಟು ಸಲ ತೊಳೆದು ತೊಳೆದು ಚರ್ಮ ಕಿತ್ತು ಹೋಗುತ್ತೆ, ಕೂರೋಕೂ ಆಗಲ್ಲ. ಉಗುರುಬೆಚ್ಚಗಿನ ನೀರು, ಸೋಪು ಬೇಡ, ಉಜ್ಜದೆ ಒತ್ತಿ ಒರೆಸೋದು, ಮೇಲೆ ವ್ಯಾಸಲೀನ್. ಒರೆಸೋಕೆ ಅಪ್ಪನ ಹಳೇ ಮಲ್ ಪಂಚೆ ಹರಿದು ಚೌಕ ಚೌಕ ಮಾಡಿಟ್ಟಳು ನನ್ನ ಹೆಂಡತಿ. ಅಪ್ಪ ಹೋಗಿ ಏಳು ವರ್ಷ. "ಈಗಲಾದ್ರೂ ಉಪಯೋಗಕ್ಕೆ ಬಂದ್ರು" ಅಂದಳು ಅಮ್ಮ. ಊರಿಗೆ ಹೋಗಿಬರೋಕೆ ಬಸ್ಸು ಬಿಟ್ಟು ರೈಲು ಹಿಡಿದೆವು, ಕಕ್ಕಸು ಇರುತ್ತಲ್ಲ. ಡೈಪರ್‌ಗೆ ಮಾತ್ರ ಒಪ್ಪಿಸೋಕೆ ಒಂದು ವಾರ ಬೇಕಾಯ್ತು. ಸೊಸೆ "ನಾನೂ ಹೆರಿಗೆ ಆದಾಗ ಹಾಕ್ಕೊಂಡಿದ್ದೆ ಅತ್ತೆ" ಅಂದ ಮೇಲೆ ಸುಮ್ಮನಾದಳು.

ತಿಂಗಳ ಕೊನೆಯಲ್ಲಿ ಹಾಲಿನ ಹುಡುಗ ಲೆಕ್ಕಕ್ಕೆ ಬಂದ. ನಾನು ಕ್ಯಾಲೆಂಡರ್ ಕಿತ್ತುಕೊಂಡು ಬಂದು ಬಾಗಿಲಲ್ಲೇ ನಿಂತು ಎಣಿಸಿ, ತೊಂಬತ್ತೇಳು ಪ್ಯಾಕೆಟ್ ಅಂದೆ. ಅವನು ತನ್ನ ಪುಸ್ತಕ ನೋಡಿಕೊಂಡ, ನನ್ನ ಮುಖ ನೋಡಿದ. "ಸಾರ್, ನಾನು ಹಾಕಿರೋದೇ ಮೂವತ್ತು." ಒಳಗಿಂದ ಅಮ್ಮ ಕೂಗಿದಳು, ಲೋ, ಮೇಲಿನ ಸಾಲು ಎಣಿಸೋ, ಕೆಳಗಿಂದು ನಂದು! ಹುಡುಗನಿಗೆ ಏನಂತ ಹೇಳಲಿ? ದುಡ್ಡು ಕೊಟ್ಟು ಕಳಿಸಿ ಒಳಗೆ ಬಂದರೆ ಅಮ್ಮ ಹೊಟ್ಟೆ ಹಿಡಿದುಕೊಂಡು ಕೂತಿದ್ದಾಳೆ, ಕಣ್ಣಲ್ಲಿ ನೀರು. "ನಗಿಸ್ಬೇಡ್ವೋ, ಎದ್ದು ಓಡಬೇಕಾಗುತ್ತೆ."