ಪಶ್ಚಿಮವಾಹಿನಿಯಲ್ಲಿ ಒಂದು ಬೆಳಗ್ಗೆ

2021ರ ಮೇ ತಿಂಗಳಲ್ಲಿ ಅಪ್ಪ ಹೋದಾಗ ನಾನೂ ಕೋವಿಡ್ ಬಂದು ಆಸ್ಪತ್ರೆಯಲ್ಲಿದ್ದೆ. ಮುಖ ನೋಡೋಕೂ ಆಗಲಿಲ್ಲ. ಅಸ್ಥಿ ಬಿಟ್ಟು ಬಂದವನು ತಮ್ಮ, ಒಬ್ಬನೇ. ಆಮೇಲೆ ಶ್ರೀರಂಗಪಟ್ಟಣ ದಾಟುವಾಗೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಇವತ್ತು ತಮ್ಮನ ಜೊತೆ ಅಲ್ಲೇ ಬಸ್ಸಿಳಿದೆ. "ಇಲ್ಲೇ ಅಕ್ಕಾ, ಈ ಮೆಟ್ಟಿಲಿಂದ" ಅಂತ ತೋರಿಸಿದ. ಕಾವೇರಿ ಇಲ್ಲಿ ಪಡುವಣಕ್ಕೆ ತಿರುಗಿ ಹರಿಯುತ್ತಾಳೆ. ನೀರಿಗೆ ಕಾಲಿಟ್ಟೆ. ಯಾರೋ ಬಿಟ್ಟ ಚೆಂಡುಹೂವಿನ ಎಸಳು ಪಾದಕ್ಕೆ ತಾಗಿ, ಒಂದು ಕ್ಷಣ ನಿಂತು, ಮುಂದೆ ಹೋಯಿತು. ಅಪ್ಪನ ಕನ್ನಡಕ ಬಿಡೋಣ ಅಂತ ತಂದಿದ್ದೆ. ಮನಸ್ಸು ಬರಲಿಲ್ಲ. ಇರಲಿ ಬಿಡಿ, ಅದು ನನ್ನ ಹತ್ತಿರವೇ ಇರಲಿ.

ದುಃಖ ಮುಗಿಯಿತು ಅಂತಲ್ಲ. ಎದೆಯ ಭಾರ ಇಳಿದಿದೆ, ಅಷ್ಟೇ. ವಾಪಸ್ ಬರುವಾಗ ಚೆನ್ನಾಗಿ ಹಸಿವಾಯಿತು. ಇಬ್ಬರೂ ಇಡ್ಲಿ ತಿಂದೆವು. ಅಪ್ಪನ ಬಗ್ಗೆ ಎಷ್ಟೊಂದು ಮಾತಾಡಿದೆವು, ಅಳದೆ.