ಸುಸಂಗತತೆಯ ಪ್ರಜ್ಞೆ ಮತ್ತು ಮನಸ್ಸಿನ ಆರೋಗ್ಯ

ಜನರಿಗೆ ಕಾಯಿಲೆ ಏಕೆ ಬರುತ್ತದೆ ಎಂದು ಎಲ್ಲರೂ ಕೇಳುತ್ತಿದ್ದಾಗ, ಇಷ್ಟೆಲ್ಲ ಸಂಕಟದ ನಡುವೆಯೂ ಕೆಲವರು ಆರೋಗ್ಯವಾಗಿ ಉಳಿಯುವುದು ಹೇಗೆ ಎಂದು ಕೇಳಿದವರು ಸಮಾಜಶಾಸ್ತ್ರಜ್ಞ ಆರನ್ ಆಂಟೊನೊವ್‌ಸ್ಕಿ. ಇಸ್ರೇಲಿನಲ್ಲಿ ಋತುಬಂಧದ ವಯಸ್ಸಿನ ಮಹಿಳೆಯರ ಬಗ್ಗೆ ನಡೆದ ಅಧ್ಯಯನವೊಂದರಲ್ಲಿ, ನಾಜಿ ಶಿಬಿರಗಳಿಂದ ಬದುಕಿ ಬಂದವರ ಪೈಕಿ ಶೇ. 29 ಮಂದಿಯ ಮಾನಸಿಕ ಆರೋಗ್ಯ ಚೆನ್ನಾಗಿಯೇ ಇತ್ತು. ಶಿಬಿರ ಕಾಣದವರಲ್ಲಿ ಅದು ಶೇ. 51. ಬೇರೆ ಯಾರಾದರೂ ಈ ಅಂತರವನ್ನು ವರದಿ ಮಾಡಿ ಸುಮ್ಮನಾಗುತ್ತಿದ್ದರೇನೋ. ಆಂಟೊನೊವ್‌ಸ್ಕಿಯ ಕಣ್ಣು ಮಾತ್ರ ಆ 29ರ ಮೇಲೆಯೇ ನಿಂತಿತು.

ಅವರು 1979ರಲ್ಲಿ ಮಂಡಿಸಿದ ಉತ್ತರವೇ ಸುಸಂಗತತೆಯ ಪ್ರಜ್ಞೆ. ಬದುಕಿನಲ್ಲಿ ನಡೆಯುವುದು ಒಂದಿಷ್ಟಾದರೂ ಅರ್ಥವಾಗುತ್ತದೆ, ಅದನ್ನು ಎದುರಿಸಲು ಬೇಕಾದದ್ದು ಕೈಗೆಟಕುವಂತಿದೆ, ಹಾಗೆ ಎದುರಿಸುವುದು ಶ್ರಮಕ್ಕೆ ತಕ್ಕದ್ದು ಎಂಬ ಮೂರು ಭಾವಗಳು ಅದರಲ್ಲಿ ಕೂಡಿರುತ್ತವೆ. ಮೂರರಲ್ಲಿ ಕೊನೆಯದಕ್ಕೇ ಅವರು ಹೆಚ್ಚಿನ ತೂಕ ಕೊಟ್ಟರು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಎರಡನೆಯದು. ಇದನ್ನು ಆತ್ಮವಿಶ್ವಾಸ ಎಂದೋ, ಎಲ್ಲವನ್ನೂ ಒಬ್ಬರೇ ನಿಭಾಯಿಸುವ ಛಲ ಎಂದೋ ತಿಳಿಯುವವರಿದ್ದಾರೆ. ಆಂಟೊನೊವ್‌ಸ್ಕಿಯ ಪ್ರಕಾರ ಆ ಬಲ ನಮ್ಮ ಕೈಯಲ್ಲೇ ಇರಬೇಕೆಂದಿಲ್ಲ; ನಾವು ನಂಬಬಹುದಾದ ಸಂಗಾತಿಯ, ಗೆಳೆಯರ, ವೈದ್ಯರ, ದೇವರ ಕೈಯಲ್ಲಿದ್ದರೂ ಸಾಕು. ಹೀಗೆ ನೋಡಿದರೆ ಇದು ಒಂಟಿ ವ್ಯಕ್ತಿಯ ಗಟ್ಟಿತನಕ್ಕಿಂತ ಆತನ ಸುತ್ತಲಿನ ಆಸರೆಗೆ ಹೆಚ್ಚು ಸಂಬಂಧಿಸಿದ್ದು. ಅಂದ ಮಾತ್ರಕ್ಕೆ ಎಲ್ಲಕ್ಕೂ ಸಿದ್ಧ ಉತ್ತರ ಇಟ್ಟುಕೊಂಡವರು ಆರೋಗ್ಯವಂತರು ಎಂದಲ್ಲ: ಹೊಸದನ್ನು ಒಳಗೆ ಬಿಟ್ಟುಕೊಳ್ಳದ ಬಿಗಿತವನ್ನೂ ನಿಜವಾದ ಸುಸಂಗತತೆಯನ್ನೂ ಆಂಟೊನೊವ್‌ಸ್ಕಿ ಬೇರೆ ಬೇರೆಯಾಗಿಯೇ ಇಟ್ಟಿದ್ದರು.

ಇದನ್ನು ಅಳೆಯಲು ಅವರು 29 ಪ್ರಶ್ನೆಗಳ ಪಟ್ಟಿಯೊಂದನ್ನು ರೂಪಿಸಿದರು, 13 ಪ್ರಶ್ನೆಗಳ ಕಿರು ರೂಪವೂ ಇದೆ. ಹಲವು ದೇಶಗಳ ಅಧ್ಯಯನಗಳಲ್ಲಿ ಹೆಚ್ಚು ಅಂಕ ಪಡೆದವರಲ್ಲಿ ಖಿನ್ನತೆ, ಆತಂಕ ಕಡಿಮೆ ಕಂಡಿವೆ. ದೇಹದ ಆರೋಗ್ಯದೊಂದಿಗಿನ ನಂಟು ಅಷ್ಟು ಬಿಗಿಯಾಗಿಲ್ಲ. ಆದರೆ ಇಲ್ಲೊಂದು ತೊಡಕಿದೆ. ಖಿನ್ನತೆಯಲ್ಲಿರುವವರಿಗೆ ದಿನನಿತ್ಯದ ಕೆಲಸ ಅರ್ಥಹೀನವೆನಿಸುವುದು ಆ ಕಾಯಿಲೆಯ ಲಕ್ಷಣವೇ ಆಗಿರುವಾಗ, ಅದನ್ನೇ ಕೇಳುವ ಪ್ರಶ್ನೆಯಲ್ಲಿ ಅವರ ಅಂಕ ಇಳಿಯದೆ ಇನ್ನೇನಾದೀತು? ಈ ಮಾಪಕವು ಖಿನ್ನತೆಯನ್ನೇ ತಲೆಕೆಳಗಾಗಿ ಅಳೆಯುತ್ತಿದೆಯೇ ಎಂಬ ಸಂಶೋಧಕರ ಆಕ್ಷೇಪ ನನಗೆ ತೂಕದ್ದೆನಿಸುತ್ತದೆ. ಕಡಿಮೆ ಅಂಕವನ್ನು ವ್ಯಕ್ತಿಯ ದೌರ್ಬಲ್ಯವೆಂದು ಓದುವ ಆತುರ ಸಲ್ಲದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಸುಮಾರು 30ರ ವಯಸ್ಸಿಗೆ ಈ ಪ್ರಜ್ಞೆ ಬಹುಮಟ್ಟಿಗೆ ನೆಲೆಗೊಳ್ಳುತ್ತದೆ ಎಂದು ಆಂಟೊನೊವ್‌ಸ್ಕಿ ನಂಬಿದ್ದರು. ಅವರ ನಂತರದ ಅಧ್ಯಯನಗಳು ಇದನ್ನು ಪೂರ್ತಿ ಒಪ್ಪಿಲ್ಲ; ವಯಸ್ಸಾದಂತೆ ಅದು ಏರುವ ಒಲವು ಅವುಗಳಲ್ಲಿ ಕಂಡಿದೆ. ಹಾಗಿದ್ದರೆ ನಡುವಯಸ್ಸಿನಲ್ಲಿ ಚಿಕಿತ್ಸೆಗೆ ಬಂದವರ ವಿಷಯದಲ್ಲಿ, ಅವರಿಗೆ ಯಾರ ಆಸರೆಯಿದೆ, ಯಾವ ಕೆಲಸ ಅವರಿಗೆ ಇನ್ನೂ ಬೇಕೆನಿಸುತ್ತದೆ ಎಂದು ವಿಚಾರಿಸುವುದು ತಡವಾದ ಪ್ರಶ್ನೆಯೇನಲ್ಲ.