ಕ್ಲಿಪ್ ಕಚ್ಚಿಸುವ ಮುನ್ನ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರದಿಂದ ಬಿಚ್ಚಿ ತಂದ ಎಸ್‌ಎಂಪಿಎಸ್ ಬೋರ್ಡೊಂದು, ಅಂದರೆ ಮೇನ್ಸನ್ನು ಕಡಿಮೆ ವೋಲ್ಟಿನ ಡಿಸಿಗೆ ಇಳಿಸುವ ಪವರ್ ಸಪ್ಲೈ, ಆ ಮಧ್ಯಾಹ್ನ ನಮ್ಮ ರಿಪೇರಿ ಮೇಜಿನ ಮೇಲಿತ್ತು. 24 ವೋಲ್ಟ್ ಕೊಡಬೇಕಾದ ಸಪ್ಲೈ, ಲೋಡ್ ಬಿದ್ದೊಡನೆ ಕುಸಿದು, ಮತ್ತೆ ತಾನಾಗಿಯೇ ಏಳುತ್ತಿತ್ತು. ಡಿಪ್ಲೊಮಾ ಮುಗಿಸಿ ನಮ್ಮಲ್ಲಿಗೆ ಬಂದಿದ್ದ ಹುಡುಗ, ಪ್ರೈಮರಿ (ಮೇನ್ಸ್ ಸೇರುವ) ಬದಿಯಲ್ಲಿ ಎಲೆಕ್ಟ್ರಾನಿಕ್ ಸ್ವಿಚ್ಚಾಗಿರುವ ಮಾಸ್ಫೆಟ್‌ನ ಸ್ವಿಚಿಂಗನ್ನೂ ಸೆಕೆಂಡರಿಯ (ಔಟ್‌ಪುಟ್ ಬದಿಯ) 24 ವೋಲ್ಟನ್ನೂ, ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಒಂದೇ ಪರದೆಯಲ್ಲಿ ನೋಡಿದರೆ ಯಾವುದು ಮೊದಲು ಬೀಳುತ್ತದೆಂದು ತಿಳಿಯುತ್ತದೆ ಎಂದ. ಯೋಚನೆ ಸರಿಯಾಗಿಯೇ ಇತ್ತು. ಆದರೆ ಸ್ಕೋಪಿನ ಅಳತೆ ಕಡ್ಡಿಯಾದ ಪ್ರೋಬೊಂದರ ಗ್ರೌಂಡ್ ಕ್ಲಿಪ್ಪನ್ನು ಅವನು ಪ್ರೈಮರಿಯ ದೊಡ್ಡ ಕೆಪಾಸಿಟರ್‌ನ ಮೈನಸ್‌ಗೆ ಕಚ್ಚಿಸಲು ಹೊರಟಾಗ ತಡೆದೆ.

“ಮೈನಸ್ ತಾನೆ ಸರ್, ಗ್ರೌಂಡೇ ಅಲ್ವಾ?” ಎಂದು ಕೇಳಿದ. ಈ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಲ್ಟಿಮೀಟರನ್ನು ಬೀಪ್‌ಗೆ (ಎರಡು ಬಿಂದುಗಳು ಸೇರಿದ್ದರೆ ಕೂಗುವ ಆಯ್ಕೆಗೆ) ತಿರುಗಿಸಿ ಅವನ ಕೈಗೆ ಕೊಟ್ಟೆ. ಸ್ಕೋಪಿನ ಮೊದಲ ಚಾನೆಲ್ಲಿನ ಬಿಎನ್‌ಸಿಯ (ಪ್ರೋಬ್ ಸಿಕ್ಕಿಸುವ ಕನೆಕ್ಟರಿನ) ಹೊರಲೋಹಕ್ಕೆ ಒಂದು ಕಡ್ಡಿ, ಎರಡನೆಯ ಚಾನೆಲ್ಲಿನದಕ್ಕೆ ಇನ್ನೊಂದು ಮುಟ್ಟಿಸಿದಾಗ ಮೀಟರ್ ಕೂಗಿತು. ಸ್ಕೋಪಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಅದರ ದಪ್ಪನೆಯ ಮೂರನೆಯ ಪಿನ್ನಿಗೆ ಮುಟ್ಟಿಸಿದಾಗಲೂ ಕೂಗಿತು. ಎರಡು ಪ್ರೋಬ್‌ಗಳ ಕ್ಲಿಪ್ಪುಗಳು, ಸ್ಕೋಪಿನ ಲೋಹದ ಮೈ ಮತ್ತು ಕಟ್ಟಡದ ಅರ್ಥಿಂಗ್ ಎಲ್ಲವೂ ಒಂದೇ ತಂತಿ ಎಂಬುದನ್ನು ಅವನೇ ಅಳೆದು ಕಂಡುಕೊಂಡ.

ನಮ್ಮ 230 ವೋಲ್ಟ್ ಮೇನ್ಸ್ ರೆಕ್ಟಿಫೈ ಆಗಿ ಡಿಸಿಯಾದ ಮೇಲೆ ಆ ಕೆಪಾಸಿಟರ್‌ನ ಎರಡು ತುದಿಗಳ ನಡುವೆ ಸುಮಾರು 325 ವೋಲ್ಟ್ ನಿಲ್ಲುತ್ತದೆ. ಅದರ ಮೈನಸ್ ಅರ್ಥ್ ಅಲ್ಲ. ಫೇಸ್ ಋಣಾತ್ಮಕವಾಗುವ ಅರ್ಧ ಸೈಕಲ್ಲಿನಲ್ಲಿ ಹಾಗೆ ಡಿಸಿ ಮಾಡುವ ಬ್ರಿಜ್‌ನ ಡಯೋಡು ಆ ಮೈನಸನ್ನು ನೇರ ಫೇಸ್‌ಗೇ ಜೋಡಿಸುತ್ತದೆ. ಅಲ್ಲಿಗೆ ಕ್ಲಿಪ್ ಕಚ್ಚಿಸಿದರೆ ಫೇಸ್‌ನಿಂದ ಡಯೋಡು, ಕ್ಲಿಪ್ಪಿನ ಸಣ್ಣ ತಂತಿ ಮತ್ತು ಸ್ಕೋಪಿನ ಇನ್‌ಪುಟ್ ಗ್ರೌಂಡ್ ಮೂಲಕ ಅರ್ಥ್‌ಗೆ ನೇರ ಶಾರ್ಟ್ ಆಗುತ್ತದೆ. ಎಂಸಿಬಿ ಬೀಳುವಷ್ಟರಲ್ಲಿ ಇವುಗಳಲ್ಲಿ ಯಾವುದು ಬೇಕಾದರೂ ಸುಟ್ಟಿರಬಹುದು. ಪ್ರೋಬಿನ ಮೊನೆಗಿರುವ 10 ಮೆಗಾ ಓಮ್‌ನ ರಕ್ಷಣೆ ಕ್ಲಿಪ್ಪಿಗೆ ಇಲ್ಲವೇ ಇಲ್ಲ.

“ಹಾಗಾದ್ರೆ ಸ್ಕೋಪಿನ ಅರ್ಥ್ ಪಿನ್ ತೆಗೆದುಬಿಟ್ರೆ?” ಎಂದ. ಪಿನ್ ಕಿತ್ತ ಪ್ಲಗ್ಗುಗಳನ್ನು ಎಷ್ಟೋ ವರ್ಕ್‌ಶಾಪುಗಳಲ್ಲಿ ಕಂಡಿರುವುದರಿಂದ ಇಲ್ಲಿ ಮಾತ್ರ ನನ್ನ ದನಿ ಏರಿತು. ಹಾಗೆ ಮಾಡಿದರೆ ಶಾರ್ಟ್ ತಪ್ಪುತ್ತದೆ, ನಿಜ. ಆದರೆ ನಾಬ್ ತಿರುಗಿಸುವ ಬೆರಳಿನ ಪಕ್ಕದಲ್ಲೇ ಇರುವ ಬಿಎನ್‌ಸಿಗಳ ಲೋಹವೆಲ್ಲ ಮೇನ್ಸ್ ವೋಲ್ಟೇಜಿಗೆ ಏರಿ ಕುಳಿತಿರುತ್ತದೆ. ಉಪಕರಣ ಉಳಿಸಲು ಹೋಗಿ ಮನುಷ್ಯನ ಜೀವವನ್ನು ಒತ್ತೆಯಿಡುವ ಈ ಅಭ್ಯಾಸವನ್ನು ನಾನು ಎಂದಿಗೂ ಒಪ್ಪಲಾರೆ.

ಪ್ರೈಮರಿಗೆ, ಎರಡು ಬಿಂದುಗಳ ನಡುವಿನ ವ್ಯತ್ಯಾಸವನ್ನಷ್ಟೇ ಅಳೆಯುವ ಡಿಫರೆನ್ಷಿಯಲ್ ಪ್ರೋಬ್ ತೆಗೆದೆವು. ಅದರ ಎರಡು ತುದಿಗಳಲ್ಲಿ ಯಾವುದೂ ಅರ್ಥ್‌ಗೆ ಸೇರಿರುವುದಿಲ್ಲವಾದ್ದರಿಂದ ಮಾಸ್ಫೆಟ್‌ನ ಡ್ರೇನ್ ಮತ್ತು ಸೋರ್ಸ್ ಎಂಬ ಕಾಲುಗಳಿಗೆ ನೇರವಾಗಿ ಹಾಕಬಹುದು. ಡ್ರೇನಿನಲ್ಲಿ 325 ಅಷ್ಟೇ ಇರುವುದಿಲ್ಲ. ಟ್ರಾನ್ಸ್‌ಫಾರ್ಮರ್ ತಿರುಗಿ ಒದೆಯುವುದರಿಂದ ಸ್ಪೈಕ್ 600ರ ಹತ್ತಿರಕ್ಕೂ ಹೋಗಬಲ್ಲದು. ನಮ್ಮ ಸ್ಕೋಪಿನ ಬಿಎನ್‌ಸಿಯ ಪಕ್ಕದಲ್ಲಿ ಅಚ್ಚಾಗಿರುವ ಮಿತಿ 300 ವೋಲ್ಟ್. ಸಾಮಾನ್ಯ ಪ್ರೋಬಿನ ಪುಟ್ಟ ಸ್ವಿಚ್ 10ಎಕ್ಸ್‌ನಲ್ಲಿ (ವೋಲ್ಟೇಜನ್ನು ಹತ್ತನೇ ಒಂದಕ್ಕೆ ಇಳಿಸುವ ಕಡೆ) ಇದ್ದರೆ 600 ವೋಲ್ಟ್ ಇನ್‌ಪುಟ್‌ಗೆ 60 ಆಗಿ ತಲುಪುತ್ತದೆ. ಕೈ ತಾಗಿ ಅದು 1ಎಕ್ಸ್‌ಗೆ ಸರಿದಿದ್ದರೆ ಪೂರ್ತಿ ಒಳಗೆ ನುಗ್ಗುತ್ತದೆ. 10ಎಕ್ಸ್‌ನಲ್ಲಿದ್ದರೂ ಪ್ರೋಬಿಗೇ ಒಂದು ಮಿತಿಯಿದೆ, ಫ್ರೀಕ್ವೆನ್ಸಿ ಏರಿದಂತೆ ಆ ಮಿತಿ ಇಳಿಯುತ್ತದೆ. ಸ್ಕೋಪಿನ ಮೆನುವಿನಲ್ಲಿಯೂ 10ಎಕ್ಸ್ ಎಂದೇ ಇರಬೇಕು, ಇಲ್ಲದಿದ್ದರೆ 325 ವೋಲ್ಟ್ ಪರದೆಯಲ್ಲಿ 32.5 ಎಂದು ಕಂಡು, ನೋಡಿದವರು ಧೈರ್ಯವಾಗಿ ಕೈಯಿಡುತ್ತಾರೆ.

24 ವೋಲ್ಟಿಗೆ ಸಾಮಾನ್ಯ ಪ್ರೋಬ್ ಹಾಕಿ ಲೋಡ್ ಕೊಟ್ಟಾಗ ಮೊದಲು ಸ್ವಿಚಿಂಗ್ ನಿಲ್ಲುತ್ತಿತ್ತು, ಆಮೇಲೆ ಔಟ್‌ಪುಟ್ ಇಳಿಯುತ್ತಿತ್ತು. ಅಂದರೆ ಮಾಸ್ಫೆಟ್ಟನ್ನು ನಡೆಸುವ ಕಂಟ್ರೋಲರ್ ಐಸಿಯೇ ಮಲಗುತ್ತಿದೆ ಎಂದಾಯಿತು. ಇದರಲ್ಲಿದ್ದ ಯುಸಿ3842 ಐಸಿ ಸುಮಾರು 16 ವೋಲ್ಟಿಗೆ ಎದ್ದು 10ಕ್ಕೆ ನಿಲ್ಲುತ್ತದೆ. ಅದರ ವಿಸಿಸಿಯನ್ನೂ (ಐಸಿಗೆ ಸಿಗುವ ವೋಲ್ಟೇಜ್) ಅದು ಪಲ್ಸ್ ಕೊಡುವ ಮಾಸ್ಫೆಟ್‌ನ ಗೇಟನ್ನೂ ಒಟ್ಟಿಗೆ ನೋಡಬೇಕಿತ್ತು. ಈಗ ಎರಡೂ ಪ್ರೈಮರಿ ಬದಿಯವು. ಸೆಕೆಂಡರಿಯ ಪ್ರೋಬನ್ನು ಪೂರ್ತಿ ಬಿಚ್ಚಿ, ಸ್ಕೋಪಿಗಲ್ಲ, ಬೋರ್ಡಿಗೆ, ಮೇನ್ಸಿಗೂ ಅರ್ಥ್‌ಗೂ ಇರುವ ನಂಟನ್ನು ಕಡಿಯುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಕೊಟ್ಟು, ಸಾಮಾನ್ಯ ಪ್ರೋಬ್‌ಗಳ ಎರಡೂ ಕ್ಲಿಪ್ಪುಗಳನ್ನು ಮೈನಸಿನ ಒಂದೇ ಜಾಗಕ್ಕೆ ಹಾಕಿಸಿದೆ. ಕ್ಲಿಪ್ ಬಿದ್ದ ಗಳಿಗೆಯಿಂದ ಆ ಜಾಗ ಅರ್ಥ್ ಆಯಿತು, ಪ್ಲಸ್ ಮುಟ್ಟಿದರೆ 325ರ ಹೊಡೆತ ಗ್ಯಾರಂಟಿ, ಐಸೊಲೇಶನ್‌ನಿಂದಾಗಿ, ಕರೆಂಟ್ ಅರ್ಥ್‌ಗೆ ಸೋರಿದರೆ ಬೀಳಬೇಕಾದ ಆರ್‌ಸಿಸಿಬಿಯೂ ಬೀಳುವುದಿಲ್ಲ ಎಂದು ಹೇಳಿದ ಮೇಲೆಯೇ ಸ್ವಿಚ್ ಹಾಕಲು ಬಿಟ್ಟೆ.

ವಿಸಿಸಿ ಹಲ್ಲುಹಲ್ಲಾಗಿ ಇಳಿಯುತ್ತ 10 ವೋಲ್ಟ್ ಮುಟ್ಟಿದೊಡನೆ ಗೇಟಿನ ಪಲ್ಸುಗಳು ಸತ್ತವು. ವಿಸಿಸಿಯ ಪುಟ್ಟ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿತ್ತು. ಎಸ್.ಪಿ. ರಸ್ತೆಯಿಂದ ತಂದಿಟ್ಟ ಡಬ್ಬಿಯಲ್ಲಿ 105 ಡಿಗ್ರಿ ಶಾಖ ತಡೆಯುವಂಥದೊಂದು ಸಿಕ್ಕಿತು. ಹುಡುಗ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ನ ಮೇಲೆ ಮೀಟರ್ ಹಿಡಿದು, ವೋಲ್ಟೇಜ್ ಸೊನ್ನೆಗೆ ಬರುವವರೆಗೆ ಕಾದು ಕ್ಲಿಪ್ಪುಗಳನ್ನು ಬಿಡಿಸಿದ. ಆಮೇಲೆ ಬೆಸುಗೆಗೆ ಕುಳಿತ.